ಯಾರು ಹೊರಟದ್ದು

ಗಾಳಿ ಹುಟ್ಟುವ ಊರು ಅಂತಲೇ ಹೆಸರು ಲಿಯೆಪಾಯಾಗೆ.
ಇಲ್ಲಿ ಕೊಡೆ ಬಿಚ್ಚಿದವನು ಹೊರಗಿನವನೇ.
ಅಂಥ ಊರಿನಲ್ಲಿ, ಕಿಟಕಿಯೇ ಇಲ್ಲದ ನೆಲಮಾಳಿಗೆಯಲ್ಲಿ ಕೂತು
ಟಾಲಿವಾಲ್ದಿಸ್ ಬೇರೊಂದು ಗಾಳಿ ಹುಡುಕುತ್ತಿದ್ದ.
ಎಲೆ ಅಲ್ಲಾಡಿಸದ್ದು, ದೀಪ ಆರಿಸದ್ದು,
ಭೂಮಿ ಓಡುತ್ತಿರುವುದು ನಿಜವಾದರೆ
ಎದುರಿನಿಂದ ಬೀಸಲೇಬೇಕಾದ
ಈಥರಿನ ಗಾಳಿ.

ಟ್ರಾಮ್ ಡಿಪೋದಲ್ಲಿ ಮೂವತ್ತೊಂದು ವರ್ಷ ತಂತಿ ಎಳೆದವನು.
ನಿವೃತ್ತಿಯ ದಿನ ಗಡಿಯಾರ ಬೇಡ ಅಂದ;
ಹಳೆಯ ರೆಕ್ಟಿಫೈಯರುಗಳಿಂದ ಬಸಿದ ಪಾದರಸ ಕೇಳಿ ಪಡೆದ.
ಆಸ್ಟ್ರಾ ಎಲೆಕೋಸು ಹುಳಿಗೆ ಹಾಕುತ್ತಿದ್ದ ಬಾನಿಯಲ್ಲಿ ಅದನ್ನು ಸುರಿದು
ಮೇಲೊಂದು ಚಪ್ಪಡಿ ತೇಲಿಬಿಟ್ಟ:
ಸಮಾಧಿಗೆಂದು ಕಡಿದು, ಹೆಸರು ಕೆತ್ತುವ ಮೊದಲೇ
ಅಂಚು ಒಡೆದು, ಅಗ್ಗಕ್ಕೆ ಸಿಕ್ಕಿದ ಕಲ್ಲು.
ಕಲ್ಲಿನ ಮೇಲೆ ಕನ್ನಡಿ, ಕನ್ನಡಿಗೆ ಕನ್ನಡಿ.
ಒಂದೇ ಬೆಳಕು ಎರಡಾಗಿ ಸೀಳಿ, ಅಡ್ಡಕ್ಕೊಂದು ಉದ್ದಕ್ಕೊಂದು ಹೋಗಿ
ಮರಳಿ ಕೂಡುವಾಗ
ಕಪ್ಪು ಬಿಳುಪು ಗೆರೆ.
ಒಂದೇ ಬೆರಳು ತಾಗಿಸಿದರೆ ಸಾಕು, ಕಲ್ಲು ತಿರುಗುತ್ತಿತ್ತು,
ನಿದ್ದೆಯ ಮಗು ಮಗ್ಗುಲಾದ ಹಾಗೆ.

ನಾನು ಹೈಸ್ಕೂಲಿನ ಭೌತಶಾಸ್ತ್ರದ ಮೇಷ್ಟ್ರು.
ಗುರುವಾರ ಸಂಜೆ ಅವನ ತಪ್ಪು ತಿದ್ದಲು ಹೋಗಿ
ಬೀಟ್‌ರೂಟ್ ಸಾರು ಕುಡಿದು ಬರುತ್ತಿದ್ದೆ.

'ಅಯಸ್ಕಾಂತವನ್ನು ಸುರುಳಿಯತ್ತ ತಳ್ಳು, ಕರೆಂಟು.
ಸುರುಳಿಯನ್ನು ಅಯಸ್ಕಾಂತದತ್ತ ತಳ್ಳು, ಅಷ್ಟೇ ಕರೆಂಟು.
ಸರಿ, ಒಪ್ಪಿದೆ. ಆದರೆ ತಳ್ಳಿದ್ದು ಯಾರು ಅಂತ
ಎಲ್ಲೋ ಒಂದು ಕಡೆ ದಾಖಲಾಗಿರಬೇಕಲ್ಲ, ಮೇಷ್ಟ್ರೇ?
ಅಲುಗದೆ ಕೂತು ಲೆಕ್ಕ ಬರೆಯುವವನೊಬ್ಬ ಬೇಡವೇ?'
ಬೇಡ, ಅನ್ನುತ್ತಿದ್ದೆ. ನೂರು ವರ್ಷದಿಂದ ಬೇಡವಾಗಿದೆ.
ಅವನು ನೋಟ್‌ಬುಕ್ ತೆರೆಯುತ್ತಿದ್ದ.
ಹನ್ನೊಂದು ವರ್ಷದ ಗೆರೆಗಳು. ಪ್ರತಿ ನಸುಕಿಗೂ
ಗೆರೆಯ ದಪ್ಪದ ಹತ್ತನೇ ಒಂದು ಪಾಲು ಸರಿದಿವೆ,
ಕಲ್ಲಿನ ತೋಳು ಉತ್ತರಕ್ಕೆ ತಿರುಗಿದಾಗ ಮಾತ್ರ.
ಗಾಳಿಯಲ್ಲದೆ ಮತ್ತೇನು?

ಉತ್ತರದ ಗೋಡೆಯಾಚೆ ಬೇಕರಿ.
ಆ ಮಾರ್ಚಿನಲ್ಲಿ ಅವರ ಒಲೆ ಬಿರುಕುಬಿಟ್ಟು
ಎರಡು ವಾರ ಬೀಗ ಬಿತ್ತು.
ಎರಡು ವಾರ ಗೆರೆ ಕದಲಲಿಲ್ಲ.
ನಾನು ಬಾಯಿ ಬಿಡಲಿಲ್ಲ. ಅವನೇ ಗೋಡೆಗೆ ಅಂಗೈ ಒತ್ತಿ,
ತಣ್ಣಗಿದೆ ಅಂದ. ಆಮೇಲೆ ಹೊಟ್ಟೆ ಹಿಡಿದು ನಕ್ಕ.
'ಹನ್ನೊಂದು ವರ್ಷ ರೈ ರೊಟ್ಟಿ ಅಳೆದಿದ್ದೇನೆ!'
ನಕ್ಕು ಮುಗಿದ ಮೇಲೆ
ಬಾನಿಯ ಅಂಚಿಗೆ ಕೂತು ಹೇಳಿದ,
ಹೇಳಬೇಕೆಂದು ಹೇಳಿದ್ದಲ್ಲ:

ನಲವತ್ತೊಂಬತ್ತು. ನನಗೆ ಏಳು.
ದನದ ವ್ಯಾಗನ್ನು, ಹೊರಗಿನಿಂದ ಚಿಲಕ.
ನಡುರಾತ್ರಿ ಎಲ್ಲೋ ನಿಂತಿತ್ತು. ಹಲಗೆಯ ಸಂದಿನಲ್ಲಿ
ಪಕ್ಕದ ಹಳಿಯ ಇನ್ನೊಂದು ರೈಲು ಕಾಣುತ್ತಿತ್ತು.
ಅದರ ಹಲಗೆಗಳು ಒಂದೊಂದಾಗಿ ಹಿಂದಕ್ಕೆ ಸರಿದವು.
ಅಮ್ಮಾ, ನಾವು ಹೊರಟೆವಾ?
ಇಲ್ಲ ಕಂದ. ಹೊರಟದ್ದು ಅವರು.
ನಾವು ಇಲ್ಲೇ ಇದ್ದೇವೆ, ಮಲಗು.
ಮಲಗಿದೆ.
ಹದಿನಾರನೆಯ ದಿನ ಓಮ್ಸ್ಕ್.

ನನ್ನ ಪಠ್ಯದ ನಾಲ್ಕನೆಯ ಪಾಠದಲ್ಲೂ ರೈಲಿದೆ,
ಪ್ಲಾಟ್‌ಫಾರಂ ಇದೆ, ಟೋಪಿ ಹಾಕಿದ ಪ್ರಯಾಣಿಕನಿದ್ದಾನೆ.
ಸಮವೇಗದಲ್ಲಿ ಸಾಗುವ ಇಬ್ಬರಲ್ಲಿ ಯಾರು ನಿಂತದ್ದೆಂದು
ಕೇಳುವುದರಲ್ಲಿ ಅರ್ಥವಿಲ್ಲ ಅಂತ
ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ.
ಅವನ ತಾಯಿ ಹೇಳಿದ್ದೂ ಲೆಕ್ಕದ ಪ್ರಕಾರ ಸುಳ್ಳಲ್ಲ.
ಅದನ್ನು ಅವನಿಗೆ ಹೇಳಬಹುದಿತ್ತು.
ಪಾದರಸದ ಮೇಲೆ ಧೂಳು ಕೂತಿತ್ತು, ಅದನ್ನೇ ನೋಡಿದೆ.

ಮೇಲೆ ಅಡುಗೆಮನೆಯಲ್ಲಿ ಆಸ್ಟ್ರಾಳ ರೇಡಿಯೋ.
ನಮ್ಮ ಕಡೆ ಉದ್ಘೋಷಕರು ಇವತ್ತಿಗೂ ಹಾಗೇ ಅನ್ನುತ್ತಾರೆ:
ನೇರ ಈಥರಿನಲ್ಲಿ ಮಾತಾಡುತ್ತಿದ್ದೇವೆ,
ಇನ್ನು ಸಮುದ್ರದ ಹವಾಮಾನ.
ಅವನು ಬೆರಳೆತ್ತಿ ಚಾವಣಿ ತೋರಿಸಿದ:
'ಕೇಳಿದಿರಾ? ಅವರಿಗೆ ಗೊತ್ತು.'

ಒಲೆ ರಿಪೇರಿಯಾಯಿತು. ಗೆರೆ ಮತ್ತೆ ಸರಿಯತೊಡಗಿತು.
ಅವನು ಈಗಲೂ ಬರೆದಿಡುತ್ತಾನೆ,
ಪಕ್ಕದಲ್ಲಿ ಆ ದಿನ ಎಷ್ಟು ರೊಟ್ಟಿ ಬೆಂದವು ಅನ್ನುವುದನ್ನೂ.